ಒಳಗೆ ನೋಡಿದ್ದೇನೆ ಎಂದವರಿಗೆ

ಇವರೇ,

ಹದಿನೇಳು ವರ್ಷ ನಿಮ್ಮನ್ನು ಹೆಸರು ಹಿಡಿದು ಕರೆದವಳಲ್ಲ. ಈಗ ಕಾಗದದಲ್ಲಿ ಬರೆಯಲಿಕ್ಕೂ ಕೈ ಬರುವುದಿಲ್ಲ. ಹಾಗಾಗಿ ಇವರೇ ಎಂದೇ ಶುರು ಮಾಡಿದ್ದೇನೆ. ನಿಮಗೆ ಗೊತ್ತಿಲ್ಲದ ಒಂದು ಸುದ್ದಿ ಇದೆ. ಅದನ್ನು ಹೇಳಬೇಕಾದರೆ ಮೊದಲು ನಮ್ಮ ಅಂಗಡಿಯ ಕಂಪ್ಯೂಟರಿನ ಕಥೆ ಹೇಳಬೇಕು.

ನೀವು ಹೋದ ಐದನೇ ದಿನ ಬೆಳ್ಳಾರೆಯ ಅಂಗಡಿಯ ಶಟರ್ ಎತ್ತಿದ್ದು ನಿಮ್ಮದೇ ಉತ್ತರಕ್ರಿಯೆಯ ಕಾರ್ಡು ಮಾಡಲಿಕ್ಕೆ. ಊರವರ ಮದುವೆ, ಮನೆಯೊಕ್ಕಲು, ಉತ್ತರಕ್ರಿಯೆ ಎಲ್ಲದರ ಕಾರ್ಡೂ ನಮ್ಮಲ್ಲೇ ಆಗುವಾಗ ನಿಮ್ಮದನ್ನು ಬೇರೆಯವರ ಕೈಗೆ ಕೊಡುವುದು ಹೇಗೆ? ನಾವು ಯಾವಾಗಲೂ ಮಾಡುವ ಹಾಗೆ ಹಿಂದೆ ತೀರಿಕೊಂಡ ಯಾರೋ ಒಬ್ಬರ ಕಾರ್ಡು ತೆರೆದು, ಅದರ ಮೇಲೆಯೇ ಹೆಸರು ಬದಲಿಸಿದೆ. ಮೂರು ಸಲ ಹ್ಯಾಂಗ್ ಆಯಿತು. ಮೂರು ಸಲವೂ ನಿಮ್ಮ ಹೆಸರು ಅಳಿಸಿಹೋಗಿ ಅವರ ಹೆಸರೇ ವಾಪಸು ಬಂತು. ಮತ್ತೆ ಟೈಪ್ ಮಾಡಿದೆ. ಅಳು ಬರಲಿಲ್ಲ. ಪ್ರಿಂಟ್ ತೆಗೆದು ನೋಡಿ, ಒಂದು ಅಲ್ಪವಿರಾಮ ಹೆಚ್ಚಾಗಿದೆ ಎಂದು ತೆಗೆದೆ.

ಬೆಳಿಗ್ಗೆ ಸ್ವಿಚ್ ಹಾಕಿ ನಾವಿಬ್ಬರೂ ಎದುರಿನ ಹೋಟೆಲಿಗೆ ಹೋಗುತ್ತಿದ್ದದ್ದು ನೆನಪಿದೆಯಾ? ಚಹಾ ಕುಡಿದು, ಪೇಪರ್ ನೋಡಿ ಬಂದರೂ ಆ ಪುಣ್ಯಾತ್ಮ ಎದ್ದಿರುತ್ತಿರಲಿಲ್ಲ. ರ‍್ಯಾಮ್ ಹೆಚ್ಚು ಮಾಡಿದರೆ ಬೇಗ ಏಳುತ್ತದಂತೆ, ಹಾಕಿಸಿ ಎಂದು ನಾನು ಬೈಯುತ್ತಿದ್ದೆ. ನಿಮ್ಮ ಉತ್ತರ ಮಾತ್ರ ಬದಲಾಗಲೇ ಇಲ್ಲ. "ಒಳಗೆ ನೋಡಿದ್ದೇನೆ ಮಾರಾಯ್ತಿ. ಇನ್ನೊಂದು ರ‍್ಯಾಮ್ ಹಾಕ್ಲಿಕ್ಕೆ ಜಾಗವೇ ಇಲ್ಲ. ತರುದಾದ್ರೆ ಹೊಸತೇ ತರ್ಬೇಕು." ಹೊಸತಕ್ಕೆ ಎಲ್ಲಿಂದ? ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಹದಿಮೂರನೇ ದಿನದ ಕ್ರಿಯೆ ಕಳೆದ ಮೇಲೆ ಮರ್ಕಂಜದಿಂದ ನಿಮ್ಮ ಅಣ್ಣ ಬಂದರು. ಅಂಗಡಿಯ ಮೆಟ್ಟಿಲು ಹತ್ತಿ ಬಂದು ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡು, "ಅಂಗಡಿಯ ರೂಮು ಬಿಟ್ಟುಕೊಡು ಸುಜಾತ. ಈ ಡಬ್ಬಿಯನ್ನು ಕಟ್ಟಿಕೊಂಡು ನೀನು ಎಂತ ಮಾಡುದು?" ಎಂದರು. ಭಾವ ಕೆಟ್ಟದ್ದಕ್ಕೆ ಹೇಳುವವರಲ್ಲ. ಆದರೆ ಅಂಗಡಿ ಬಿಟ್ಟರೆ ನಾನು ಬೆಳಿಗ್ಗೆ ಎದ್ದು ಹೋಗುವುದೆಲ್ಲಿಗೆ? ಒಂದು ತಿಂಗಳು ನೋಡುತ್ತೇನೆ ಭಾವ ಎಂದೆ. ಮದುವೆಯ ಕಾಲ ಶುರುವಾಗಲಿತ್ತು. ಒಂದು ಕಾರ್ಡಿಗೆ ಮೂರು ಸಲ ಹ್ಯಾಂಗ್ ಆಗುವ ಕಂಪ್ಯೂಟರಿನಲ್ಲಿ ಆ ಕಾಲ ದಾಟಲಿಕ್ಕೆ ಸಾಧ್ಯವಿಲ್ಲ ಎಂದು ನನಗೂ ಗೊತ್ತಿತ್ತು.

ಸುಳ್ಯದ ರಿಪೇರಿಯ ಅಶ್ರಫ್ ಬಂದದ್ದು ಒಂದು ಮಂಗಳವಾರ. ಲ್ಯಾಮಿನೇಶನ್ ಮೆಶಿನನ್ನು ಪಕ್ಕದ ಫ್ಯಾನ್ಸಿ ಅಂಗಡಿಯವರಿಗೆ ಮಾರಿಯಾಗಿತ್ತು, ಕೈಯಲ್ಲಿ ಇದ್ದದ್ದು ಆ ದುಡ್ಡು ಅಷ್ಟೇ. ಹೊಸತು ಆಗುವುದಿಲ್ಲ ಅಶ್ರಫ್, ಇದನ್ನೇ ಏನಾದರೂ ಮಾಡು ಎಂದೆ. ಅವನು ಕ್ಯಾಬಿನೆಟ್ ತಿರುಗಿಸಿ, ಸ್ಕ್ರೂ ಡ್ರೈವರ್ ಹಿಡಿದವನು ಹಾಗೆಯೇ ನಿಂತ.

"ಅಕ್ಕಾ, ಇದನ್ನು ಯಾರೂ ಬಿಚ್ಚಲೇ ಇಲ್ವಾ?"

ಕ್ಯಾಬಿನೆಟ್ಟಿನ ಬಾಗಿಲಿನ ಸಂದಿಯ ಮೇಲೆ, ಸ್ಕ್ರೂ ಮುಚ್ಚುವ ಹಾಗೆ, ಪುತ್ತೂರಿನಲ್ಲಿ ತೆಗೆದುಕೊಂಡ ದಿನ ಅಂಟಿಸಿದ ವಾರಂಟಿಯ ಸ್ಟಿಕ್ಕರ್. ಹಳದಿಯಾಗಿತ್ತು, ಹರಿದಿರಲಿಲ್ಲ. ಅಶ್ರಫ್ ಉಗುರಿನಿಂದ ಕಿತ್ತು ಬಾಗಿಲು ತೆಗೆದ. ಧೂಳು, ಹಲ್ಲಿ ಮೊಟ್ಟೆಯ ಸಿಪ್ಪೆ. "ಜಾಗ ಉಂಟಲ್ಲ ಅಕ್ಕಾ, ಇಲ್ಲಿ ನೋಡಿ." ರ‍್ಯಾಮ್ ಹಾಕುವ ಎರಡನೇ ಸೀಳು ಖಾಲಿ ಇತ್ತು. ಅಷ್ಟು ವರ್ಷವೂ ಖಾಲಿಯೇ ಇತ್ತು.

ನಿಮಗೆ ಹೆದರಿಕೆಯಾ? ಬಿಚ್ಚಿದರೆ ಹಾಳಾದೀತು, ಇರುವುದೂ ನಿಂತೀತು ಎಂದಾ? ಹಾಗೆ ಹೇಳಿದ್ದರೆ ನಾನು ನಗುತ್ತಿದ್ದೆ, ಅಷ್ಟೇ. ನೋಡಿದ್ದೇನೆ ಎಂದು ಯಾಕೆ ಹೇಳಿದಿರಿ?

ಆಗಲೇ ನನಗೆ ಆ ಇನ್ನೊಂದು ನೋಡಿದ್ದು ನೆನಪಾದದ್ದು. ಪುತ್ತೂರಿಗೆ ಹೋಗಿ ಬಂದ ದಿನ ನೀವು ಅಂಗಿ ಬಿಚ್ಚುತ್ತ ಹೇಳಿದ್ದು. "ಎದೆಯದ್ದು ನೋಡಿಸಿದ್ದೇನೆ. ಎಂತ ಇಲ್ಲ, ಗ್ಯಾಸ್ ಅಂತೆ." ಅದೇ ಸ್ವರ. ನಾನು ಗಂಜಿ ಬಡಿಸಿದೆ. ಕ್ಯಾಬಿನೆಟ್ಟಿಗೂ ಎದೆಗೂ ಹೋಲಿಕೆ ಕೊಡುವಷ್ಟು ಬರಹಗಾರ್ತಿ ನಾನಲ್ಲ. ಆದರೆ ಅಶ್ರಫ್ ಬ್ರಶ್ ಹಿಡಿದು ಧೂಳು ತೆಗೆಯುತ್ತಿದ್ದಾಗ ನಾನು ನಿಮ್ಮ ಮೇಜಿನ ಡ್ರಾವರ್ ಎಳೆದು ಒಂದೊಂದೇ ಕಾಗದ ತೆಗೆದು ನೋಡಿದೆ. ಮೌಸಿನ ಹಳೆಯ ಪೆಟ್ಟಿಗೆಯಲ್ಲಿ ಚೀಟಿ ಇತ್ತು, ನಾಲ್ಕು ಮಡಿಕೆ. ಹೃದಯದ ಪರೀಕ್ಷೆ ಮಾಡಿಸಬೇಕು, ಕೂಡಲೇ, ಎಂದು ಡಾಕ್ಟರು ಬರೆದಿದ್ದರು. ನೀವು ಮಾಡಿಸಿರಲಿಲ್ಲ. ನೀವು ಎದೆನೋವಿನಿಂದ ಹೋದಾಗ ಬಂದವರೆಲ್ಲ "ಯಾರಿಗೆ ಗೊತ್ತಿತ್ತು" ಎಂದು ಹೇಳಿ ಹೋಗಿದ್ದರು, ನಾನೂ ಹೌದೆಂದು ತಲೆಯಾಡಿಸಿದ್ದೆ. ನಿಮಗೆ ಗೊತ್ತಿತ್ತು.

ಸಿಟ್ಟು ಬಂತು. ನೀವು ಹೋದ ಮೇಲೆ ನನಗೆ ಏನಾದರೂ ಬಂದದ್ದೆಂದರೆ ಅದೇ ಮೊದಲು. ನೀವು ಎದುರಿಗೆ ಇದ್ದಿದ್ದರೆ ಆ ಪೆಟ್ಟಿಗೆಯನ್ನೇ ತೆಗೆದು...

ಆಮೇಲಿನದು ಬೇಗ ಆಯಿತು. ಮುಚ್ಚಿದ ಯಾವುದೋ ಸೈಬರ್ ಸೆಂಟರಿನ ಹಳೆಯ ರ‍್ಯಾಮ್, ಅಂಗೈಯಷ್ಟು ದೊಡ್ಡ ಹೊಸ ಡಿಸ್ಕು, ಇಷ್ಟೇ ಅಶ್ರಫ್ ಹಾಕಿದ್ದು. ನಿಮ್ಮ ಹಳೆಯ ಡಿಸ್ಕು ಒಳಗೇ ಇದೆ, ಕಾರ್ಡುಗಳೆಲ್ಲ ಅದರಲ್ಲೇ. ಈಗ ಸ್ವಿಚ್ ಹಾಕಿ ಕುರ್ಚಿ ಎಳೆಯುವಷ್ಟರಲ್ಲಿ ಸಿದ್ಧ. ಚಹಾಕ್ಕೆ ಹೋಗಲಿಕ್ಕೆ ಪುರುಸೊತ್ತೇ ಸಿಗುವುದಿಲ್ಲ.

ಇನ್ನು ಸುದ್ದಿ. ತಿಂಗಳು ತುಂಬಿದ ದಿನ ಭಾವ ಪುನಃ ಬಂದರು. ಕಂಪ್ಯೂಟರ್ ನೋಡಿ, "ಅಡ್ಡಿಯಿಲ್ಲ" ಎಂದು ಕುಳಿತರು. ಮೆಟ್ಟಿಲು ಹತ್ತಿದ್ದಕ್ಕೆ ಬೆವರು, ಕೈ ಎದೆಯ ಮೇಲೆ. ಎಂತ ಆಯಿತು ಎಂದು ಕೇಳಿದೆ.

"ಎಂತ ಇಲ್ಲ, ಗ್ಯಾಸ್. ನೋಡಿಸಿದ್ದೇನೆ."

"ಎಲ್ಲಿ ಭಾವ? ಚೀಟಿ ತೋರಿಸಿ."

ಅವರು ಕಿಸೆ ಮುಟ್ಟಿಕೊಂಡರು, ಚೀಟಿ ತೆಗೆಯಲಿಲ್ಲ. ನಾನು ಶಟರ್ ಎಳೆದು, ಅಶ್ರಫ್‌ನ ಕಾರು ತರಿಸಿ, ಅವರನ್ನು ಪುತ್ತೂರಿಗೆ ಕರೆದುಕೊಂಡು ಹೋದೆ. ದಾರಿಯಿಡೀ ಬೈದರು. ಪುತ್ತೂರಿನವರು ಅಲ್ಲಿಂದಲೇ ಮಂಗಳೂರಿಗೆ ಕಳಿಸಿದರು. ಎರಡು ಕಡೆ ಬ್ಲಾಕ್ ಇತ್ತಂತೆ, ಸ್ಟೆಂಟ್ ಹಾಕಿದ್ದಾರೆ. ಈಗ ಮರ್ಕಂಜದಲ್ಲಿದ್ದಾರೆ, ಉಪ್ಪು ಕಡಿಮೆಯ ಗಂಜಿಗೆ ಬೈಯುತ್ತಿದ್ದಾರೆ. ರೂಮು ಬಿಡುವ ಮಾತು ಈಗ ಅವರು ಎತ್ತುವುದಿಲ್ಲ.

ಇವತ್ತು ಒಂದು ಮದುವೆಯ ಕಾರ್ಡಿನ ಕೆಲಸ ಮುಗಿಸಿ ಇದನ್ನು ಬರೆಯುತ್ತಿದ್ದೇನೆ. ಡಾಕ್ಟರು ನನ್ನನ್ನು ಹೊಗಳಿದರು, ಸಕಾಲಕ್ಕೆ ತಂದಿರಿ ಎಂದು. ನಾನು ಮಾಡಿದ್ದು ಏನು ಮಹಾ? ಚೀಟಿ ತೋರಿಸಿ ಎಂದೆ, ಅಷ್ಟೇ. ನಿಮ್ಮ ಹತ್ತಿರ ಅಷ್ಟನ್ನು ಕೇಳಲಿಲ್ಲ.

ಸುಜಾತ