ಅಜ್ಜನ ಹೆಸರು ತೆಗೀರಿ

ನಿರ್ದೇಶಕ ಸಾಹೇಬ್ರಿಗೆ ನಮಸ್ಕಾರ.

ಹೌದ್ರಿ, ನಿಮ್ಮ ಪಿಕ್ಚರಿನ್ಯಾಗಿನ ಅಂಗಿ ಗುಂಡಿ, ಬೂಟು, ಬಂದೂಕು ಎಲ್ಲಾ ಖರೇನ ಎಪ್ಪತ್ತೊಂದರ ಯುದ್ಧದ್ದು. ನೀವು ಅಭಿಮಾನಿಗಳ ವಾಟ್ಸಾಪ್ ಗ್ರೂಪಿಗೆ ಹಾಕಿದ ಒಂದೊಂದು ಫೋಟೋನೂ ನಾನ ಚೆಕ್ ಮಾಡಿದ್ದೆ. ನಮ್ಮಜ್ಜ ಮಾಯಪ್ಪ ಆ ಯುದ್ಧದಾಗ ಗಾಯ ಆದ ವೈರಿ ಸಿಪಾಯಿಗೆ ನೀರು ಕುಡಿಸಿದ ಕಥಿನೂ ನಾನ ಕೊಟ್ಟೆ. ಅದನ್ನ ಹೆಂಗ ತೆಗೀತೀರಿ ಅಂತ ಮಾತ್ರ ಕೇಳಲಿಲ್ಲ.

ನಿನ್ನೆ ಅಜ್ಜ ಮಿಲಿಟರಿ ಕ್ಯಾಂಪಿನ ಹಳೇ ಗೆಳೆಯರನ್ನ ಕರಕೊಂಡು ಬೆಳಗಾವಿ ಥಿಯೇಟರಿಗೆ ಬಂದಿದ್ದ. ಪರದೆ ಮ್ಯಾಲ ನಿಮ್ಮ ಮಾಯಪ್ಪ ನೀರು ಕುಡಿಸಿ, ನಕ್ಕೋತ ಆ ಸಿಪಾಯಿ ಎದಿಗೆ ಗುಂಡು ಹೊಡದ. ಎಲ್ಲಾರೂ ಸೀಟಿ ಹಾಕಿದ್ರು. ಅಜ್ಜ ನನ್ನ ಕೈ ಹಿಡದು, "ನಾ ಅವನ್ನ ಯಾವಾಗ ಹೊಡದ್ನಿ, ಯವ್ವಾ?" ಅಂದ.

ನಮ್ಮಿಬ್ಬರ ಹೆಸರೂ ಪಿಕ್ಚರಿನಿಂದ ತೆಗೀರಿ. ಇಲ್ಲಾಂದ್ರ ನಮ್ಮೂರು ಬೀಡಿಗೆ ಬರ್ರಿ. ಅಜ್ಜನ ಮುಂದ ಕುಂತು, "ನೀವ ಹೊಡದ್ರಿ" ಅಂತ ಹೇಳಾಕ ಆಗತೈತೇನ್ರಿ ನಿಮಗ?

ನಿನ್ನೆ ತನಕ ನಿಮ್ಮ ಅಭಿಮಾನಿ,
ಪ್ರಮಿಳಾ
ಬೀಡಿ, ಖಾನಾಪುರ ತಾಲೂಕು