ತಂಗಿಗೆ ಸರಿಯಾಗಿ ಕೇಳಿಸದ ಮೂಲೆ

ಫೆಬ್ರವರಿ ೧೧, ಬುಧವಾರ

ವಾರದಿಂದ ತಲೆ ತಿನ್ನುತ್ತಿದ್ದ ಆ ಮೂಲೆಯ ಗುಟ್ಟು ಇವತ್ತು ಬಯಲಾಯಿತು.

ಸಂಗೀತ ಶಾಲೆಯ ಹೊಸ ಸಭಾಂಗಣದಲ್ಲಿ ಸದ್ದು ಹೇಗೆ ಹರಡುತ್ತದೆಂದು ಅಳೆಯುವ ನಮ್ಮ ಎರಡು ರೋಬೋಟ್‌ಗಳದ್ದೇ ರಾಜ್ಯಭಾರ; ಅಕ್ಕ, ತಂಗಿ ಎಂದೇ ನಾವು ಅವನ್ನು ಕರೆಯುವುದು. ಅಕ್ಕ ನಿಂತಲ್ಲೇ ಶಿಳ್ಳೆ ಹಾಕುತ್ತಾಳೆ, ತಂಗಿ ಓಡಾಡಿ ಪ್ರತಿಧ್ವನಿ ಕೇಳಿಸಿಕೊಳ್ಳುತ್ತಾಳೆ. ಅಳತೆ ಕೆಡಬಾರದೆಂದು ನಾವೆಲ್ಲ ಹೊರಗಿನ ಪಡಸಾಲೆಯಲ್ಲಿ. ಬಾಗಿಲ ಪಕ್ಕದ ಮೂಲೆಯಲ್ಲಿ ಮಾತ್ರ ಸದ್ದು ಮಂಕು. ಆ ಗೋಡೆ ಒಡೆಸಿ ಎಂದು ವರದಿಯನ್ನೂ ಬರೆದಿಟ್ಟಿದ್ದೆ.

ಇವತ್ತು ಹೀಟರ್ ಕೆಟ್ಟಿತು. ಚಳಿಗೆ ಯಾರೂ ಕೋಟು ಬಿಚ್ಚಲಿಲ್ಲ. ಮೂಲೆ ತಾನಾಗಿಯೇ ಸರಿಹೋಯಿತು! ದಿನಾ ನಾವು ಉಣ್ಣೆಯ ಕೋಟುಗಳನ್ನು ಗುಡ್ಡೆ ಹಾಕಿ ಹೊರಗೆ ಹೋಗುತ್ತಿದ್ದದ್ದು ಅಲ್ಲೇ. ಉಣ್ಣೆ ಸದ್ದು ನುಂಗುತ್ತದೆಂದು ಊರಿಗೆಲ್ಲ ಪಾಠ ಹೇಳುವವರೂ ನಾವೇ.

"ಅಲ್ಲಯ್ಯಾ, ಕೋಟು ಮಾಡಿದ ತಪ್ಪಿಗೆ ಗೋಡೆಗೆ ಗಲ್ಲುಶಿಕ್ಷೆ ಬರೆದಿದ್ಯಲ್ಲೋ!" ಎಂದು ಜೊತೆಗಾರ ಹೊಟ್ಟೆ ಹಿಡಿದುಕೊಂಡು ನಕ್ಕ.

ಮನೆಗೆ ಬಂದವನೇ ಅಭ್ಯಾಸಬಲದಿಂದ ಪ್ರತಿಧ್ವನಿ ಕೇಳಲು ನಡುಮನೆಯಲ್ಲಿ ಒಂದು ಚಪ್ಪಾಳೆ ತಟ್ಟಿದೆ. "ರೀ, ಈಗಷ್ಟೇ ಮಲಗಿದಾಳೆ!" ಎಂದು ಹೆಂಡತಿ ಗದರಿದಳು.

ನಾವಿಬ್ಬರೇ ಇದ್ದಾಗ ಈ ಕೋಣೆ ಖಾಲಿ ಡಬ್ಬದಂತೆ ಮೊಳಗುತ್ತಿತ್ತು. ಈಗ ಎಲ್ಲಿ ನೋಡಿದರೂ ಮಗಳ ಹೊದಿಕೆ, ಒಣಹಾಕಿದ ಲಂಗೋಟಿ, ಪುಟ್ಟ ದಿಂಬು. ಚಪ್ಪಾಳೆ ಅಂಗೈಯಲ್ಲೇ ಉಳಿಯಿತು. ಈ ಮನೆಯಲ್ಲಿ ಯಾವ ಮೂಲೆಯನ್ನೂ ಸರಿಪಡಿಸುವ ಅಗತ್ಯ—

ಅಗೋ, ಮಗಳು ಎದ್ದಳು.