ಸೇತುವೆ ಕಂಬದ ಮೇಲಿನ ಹೆಸರು

ಸಾಯ್‌ಬುರಿ, ಪಟಾನಿ
ಶಅಬಾನ್ ೯, ೧೪೩೪

(ಸರ್ಕಾರದ ಲೆಕ್ಕದಲ್ಲಿ ಇದು ೨೫೫೬, ನಿಮ್ಮ ಹೋಟೆಲಿನ ಗೋಡೆಯ ಕ್ಯಾಲೆಂಡರಿನಲ್ಲಿ ೨೦೧೩. ಒಂದೇ ಮಂಗಳವಾರಕ್ಕೆ ಮೂರು ಇಸವಿ. ಇಸವಿಯಲ್ಲೇ ಒಮ್ಮತವಿಲ್ಲದವರು ಉಳಿದದ್ದಕ್ಕೆಲ್ಲ ಜಗಳವಾಡಿದರೆ ಆಶ್ಚರ್ಯವೇನು.)

ಅಬೆ ಸೇನಿಯವರಿಗೆ, ನಿಮ್ಮ ಹೆಂಡತಿ ರೊಮ್ಲಾಳ ಸಲಾಂ.

ನಿಂತಿದ್ದರೆ ಮೊದಲು ಕೂತುಕೊಳ್ಳಿ. ಕೈಯಲ್ಲಿ ಈರುಳ್ಳಿ, ಚಾಕು ಇದ್ದರೆ ಕೆಳಗಿಡಿ. ಕೂತಿರಾ? ಹಾಗಾದರೆ ಕೇಳಿ: ಸರ್ಕಾರಕ್ಕೆ ನೀವು ಬೇಕಾಗಿಲ್ಲ. ಯಾವತ್ತೂ ಬೇಕಾಗಿರಲಿಲ್ಲ. ಆರು ವರ್ಷ ಗಡಿಯಾಚೆ ಕೆಲಾಂತಾನಿನಲ್ಲಿ ಕೂತು ಊರವರ ತೋಮ್ ಯಾಮ್ ಸಾರಿಗೆ ಈರುಳ್ಳಿ ಹೆಚ್ಚಿದ ಮಹಾನುಭಾವರೇ, ನಿಮ್ಮ ಮೇಲೆ ಒಂದು ಸಾಸಿವೆ ಕಾಳಿನಷ್ಟೂ ಆರೋಪವಿಲ್ಲ. ಈಗ ಎರಡು ಗುಟುಕು ನೀರು ಕುಡಿದು ಮುಂದೆ ಓದಿ.

ಆ ದಿನ ನಿಮಗೆ ಮರೆತಿರಲಾರದು. ಆದರೂ ಹೇಳುತ್ತೇನೆ. ಇಷ್ಟು ವರ್ಷ ಈ ಕಥೆ ಹೇಳಿ ನಗುವ ಹಕ್ಕು ನನಗಿರಲಿಲ್ಲ, ಈಗ ಬಂದಿದೆ. ದೋಣಿಗೆ ಬಣ್ಣ ಬಳಿಯುವುದನ್ನು ಅರ್ಧಕ್ಕೇ ಬಿಟ್ಟು, ಕೆಂಪು ಬಣ್ಣ ತರಲು ಪೇಟೆಗೆ ಹೊರಟಿದ್ದಿರಿ. ಸೇತುವೆಯ ತಪಾಸಣಾ ಠಾಣೆಯ ಕಂಬಕ್ಕೆ ಸೈನಿಕರು ಒಂದು ಕಾಗದ ಅಂಟಿಸಿದ್ದರು. ‘ಕೆಳಗಿನ ಒಂಬತ್ತು ಮಂದಿ ಶಿಬಿರಕ್ಕೆ ಹಾಜರಾಗತಕ್ಕದ್ದು.’ ಮೊದಲನೆಯ ಹೆಸರು ಬುನ್‌ಲೆರ್ತ್ ಜೈದೀ. ಥಾಯಿ ಭಾಷೆಯಲ್ಲಿ ಮಹಾಪುಣ್ಯವಂತ, ಒಳ್ಳೆಯ ಮನಸ್ಸಿನವ ಎಂದರ್ಥ. ‘ಪಾಪ, ಯಾರೋ ಈ ಪುಣ್ಯವಂತ’ ಎಂದು ಪಕ್ಕದವರಿಗೆ ಹೇಳಿ ನಕ್ಕಿರಂತೆ. ಆಮೇಲೆ ಠಾಣೆಯವರು ಗುರುತಿನ ಚೀಟಿ ಕೇಳಿದಾಗ ಜೇಬಿನಿಂದ ತೆಗೆದು ನೋಡಿದರೆ ಆ ಪುಣ್ಯವಂತ ನೀವೇ. ಹುಟ್ಟಿದಂದಿನಿಂದ ಎಲ್ಲರ ಬಾಯಲ್ಲಿ ಸೇನಿ. ಸರ್ಕಾರದ ಹೆಸರು ಚೀಟಿಯೊಳಗೇ ಮಲಗಿತ್ತು. ಬಿಸಿಲು ಏರುವಷ್ಟರಲ್ಲಿ ಮನೆಗೆ ಬಂದು ‘ರೊಮ್ಲಾ, ನನ್ನ ಹೆಸರು ಕಂಬದ ಮೇಲಿದೆ’ ಎಂದಿರಿ. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಗಡಿಯ ಕೋಲೋಕ್ ಹೊಳೆಯ ದೋಣಿಯಲ್ಲಿದ್ದಿರಿ. ಠಾಣೆಯ ಸೈನಿಕ ಚೀಟಿಯ ಫೋಟೋ ಮಾತ್ರ ನೋಡಿ, ಹೆಸರು ಓದದೆ ಬಿಟ್ಟದ್ದು ಅಲ್ಲಾಹನ ದಯೆ.

ಓಡಿಹೋದದ್ದಕ್ಕೆ ಆಡಿಕೊಳ್ಳುತ್ತಿಲ್ಲ. ಉಪವಾಸದ ತಿಂಗಳಲ್ಲಿ ನಮ್ಮ ಗಂಡಸರನ್ನು ಸೈನಿಕರು ಲಾರಿಯಲ್ಲಿ ಒಬ್ಬರ ಮೇಲೊಬ್ಬರನ್ನು ಪೇರಿಸಿ ಒಯ್ದದ್ದು, ಎಷ್ಟೋ ಮಂದಿ ಉಸಿರುಗಟ್ಟಿ ಸತ್ತದ್ದು ಆಗಿನ್ನೂ ಮೂರು ವರ್ಷದ ಹಿಂದಿನ ಮಾತು. ಶಿಬಿರಕ್ಕೆ ‘ಚಹಾಕ್ಕೆ’ ಹೋದವರಲ್ಲಿ ಕೆಲವರು ಇಂದಿಗೂ ಚಹಾ ಕುಡಿಯುತ್ತಲೇ ಇದ್ದಾರೆ.

ಈಗೇಕೆ ವಿಚಾರಿಸಲು ಹೊರಟೆ ಎಂದರೆ, ಕಾರಣ ನಿಮ್ಮ ಮಗಳು. ಸಕೀನಾಳ ನಿಕಾಹ್ ಗೊತ್ತಾಗಿದೆ. ಹುಡುಗ ಪನಾರೆಯವನು, ಬಲೆಯ ಕೆಲಸ, ಮಾತು ಕಡಿಮೆ. ನಮ್ಮ ಮನೆಗೆ ಅಂಥವನೊಬ್ಬ ಬೇಕಿತ್ತು. ಅಪ್ಪ ಒಂದು ಪತ್ರ ಬರೆದುಕೊಟ್ಟರೆ ಸಾಕು, ಅವನ ಪರವಾಗಿ ಹುಡುಗಿಯನ್ನು ನಾನೇ ನಿಕಾಹ್ ಮಾಡಿಕೊಡುತ್ತೇನೆ ಎಂದರು ಇಮಾಮರು. ಸಕೀನಾ, ‘ಅಪ್ಪ ಪಕ್ಕದಲ್ಲಿ ಕೂತು ಕೊಟ್ರೆ ಮದ್ವೆ. ಇಲ್ದಿದ್ರೆ ನಾನು ಬುಡು ಜಾಡಿ ಕಾಯ್ಕೊಂಡು ಇಲ್ಲೇ ಮುದುಕಿಯಾಗ್ತೀನಿ’ ಎಂದಳು. ನಾನು ಬುಡು ರಸ ಹುಳಿಯಲೆಂದು ಮೀನು, ಉಪ್ಪು ತುಂಬುತ್ತಿದ್ದ ಜಾಡಿಯ ಬಾಯಿ ಮುಚ್ಚಿ ಎದ್ದೆ.

ಶಿಬಿರಕ್ಕೆ ಒಬ್ಬಳೇ ಹೋಗುವಷ್ಟು ಗುಂಡಿಗೆ ನನಗಿಲ್ಲ. ಬೇಲಿಯಾಚೆಯ ವಿಲಾಯ್ ಟೀಚರ ಮನೆಗೆ ಹೋದೆ. ಮಲಾಯ್ ಮಾತಾಡಿದ್ದಕ್ಕೆ ನಿಮ್ಮನ್ನು ಒಂಟಿ ಕಾಲಲ್ಲಿ ನಿಲ್ಲಿಸಿದ್ದ ಅದೇ ವಿಲಾಯ್ ಟೀಚರು. ನಿವೃತ್ತಿಯಾಗಿ ಮೂರು ವರ್ಷವಾಯಿತು. ಆ ಬೀದಿಯ ಹದಿನಾಲ್ಕು ಬೌದ್ಧರ ಮನೆಗಳಲ್ಲಿ ಈಗ ಎರಡಕ್ಕೇ ದೀಪ. ಮೋಟಾರ್ ಬೈಕಿನಲ್ಲಿ ಬಂದ ಬಂಡುಕೋರರು ಸರ್ಕಾರಿ ಶಾಲೆಯ ಟೀಚರುಗಳಿಗೆ ಗುಂಡು ಹೊಡೆಯುತ್ತಿದ್ದ ವರ್ಷಗಳಲ್ಲಿ ಇವರು ಹಿಂದೊಂದು ಮುಂದೊಂದು ಸೈನಿಕರ ಜೀಪು ಇಟ್ಟುಕೊಂಡು ಶಾಲೆಗೆ ಹೋದರೇ ಹೊರತು ಊರು ಬಿಡಲಿಲ್ಲ. ಜೀಪು ಕಂಡರೆ ನಮಗೆ ಭಯ, ಬೈಕು ಕಂಡರೆ ಅವರಿಗೆ ಭಯ. ಬೇಲಿಯ ಎರಡು ಕಡೆ ಬಟ್ಟೆ ಒಣಗಿಸುತ್ತ ಇಬ್ಬರೂ ಇದೊಂದು ಬಿಟ್ಟು ಉಳಿದದ್ದೆಲ್ಲ ಮಾತಾಡಿದೆವು.

ವಿಷಯ ಹೇಳಿದೆ. ಟೀಚರು ಒಳಗಿನಿಂದ ಗೆದ್ದಲು ಹಿಡಿದ ಒಂದು ಹಳೆಯ ಹಾಜರಿ ಪುಸ್ತಕ ತಂದರು.

‘ಲೇ ರೊಮ್ಲಾ, ನಿನ್ನ ಗಂಡ ಒಬ್ನೇ ಅಲ್ಲ ಕಣೆ ಬುನ್‌ಲೆರ್ತ್.’

‘ಅಂದ್ರೆ?’

‘ನಾನು ಕೆಲಸಕ್ಕೆ ಸೇರಿ ಹದಿನೈದು ದಿನ ಆಗಿತ್ತು. ನಾಳೆ ಸಾಹೇಬ್ರು ಬರ್ತಾರೆ, ಎಲ್ಲ ಮಕ್ಕಳಿಗೂ ಥಾಯಿ ಹೆಸರಿರ್ಬೇಕು ಅಂತ ಆರ್ಡರು. ನಲವತ್ತೊಂದು ಮಕ್ಕಳು, ಒಂದು ಬೆಳಿಗ್ಗೆ. ನಮ್ಮಪ್ಪ, ಚಿಕ್ಕಪ್ಪ, ಸೋದರಮಾವ, ಹಾಲು ಹಾಕೋನು, ಎಲ್ಲರ ಹೆಸರೂ ಇಟ್ಟೆ. ಇಪ್ಪತ್ತಾರಕ್ಕೆ ಮುಗಿದೋಯ್ತು. ಇನ್ನೇನ್ಮಾಡ್ಲಿ, ಮತ್ತೆ ಮೊದಲಿಂದ ಶುರು ಮಾಡಿದೆ.’

‘ಬುನ್‌ಲೆರ್ತ್ ನಿಮ್ಮ ಮಾವನಾ?’

‘ಅಲ್ಲ. ಕಾಲೇಜಲ್ಲಿದ್ದ ಒಬ್ಬ ಹುಡುಗ. ಮುಂದಿಂದು ಕೇಳ್ಬೇಡ.’

ಇನ್ನು ಜೈದೀ. ಅದನ್ನು ನಿಮ್ಮ ಅಪ್ಪನ ಕಾಲದಲ್ಲಿ ಯಾರೋ ಗುಮಾಸ್ತ ಕಾಲುವೆಯ ಎರಡೂ ದಡದ ಮನೆಗಳಿಗೆ ಸಾರಾಸಗಟಾಗಿ ಹಂಚಿದ್ದನಂತೆ. ಹೀಗೆ ಒಂದೇ ತರಗತಿಯಲ್ಲಿ ಇಬ್ಬರು ಮಹಾಪುಣ್ಯವಂತರು. ಇನ್ನೊಬ್ಬ ಆಚೆ ದಡದ ಹಾಸೆ.

ಟೀಚರು ಒಳ್ಳೆಯ ರೇಷ್ಮೆ ಅಂಗಿ ತೊಟ್ಟರು. ನಾನೂ ಒಗೆದ ಹಿಜಾಬು ಹಾಕಿಕೊಂಡೆ. ಹಬ್ಬಕ್ಕೆ ಹೊರಟವರಂತೆ ಕಳೆದ ವಾರ ಶಿಬಿರದ ಗೇಟಿನಲ್ಲಿ ನಿಂತೆವು.

ಮೇಜರು ಚಿಕ್ಕ ವಯಸ್ಸಿನವನು, ಈಶಾನ್ಯದ ಕಡೆಯವನು. ಟೀಚರು ಪುಸ್ತಕವನ್ನು ಅವನ ಮೇಜಿನ ಮೇಲಿಟ್ಟು ಕೂತರು. ‘ಮಗಾ, ತಪ್ಪು ಮಾಡಿದ್ದು ಯಾರು ಅಂತ ಕೇಳಿದ್ರೆ ನಾನೇ. ಬರ್ಕೋ.’

‘ಅಜ್ಜಿ, ಇದು ನಲವತ್ತು ವರ್ಷದ ಹಿಂದಿಂದು.’

‘ಹೌದಪ್ಪ. ಇನ್ನೂ ಮುಗಿದಿಲ್ಲ ನೋಡು.’

ಅವನು ಮೆಲ್ಲಗೆ ನಕ್ಕ. ತಾನೂ ಮನೆಯಲ್ಲಿ ಲಾವೋ ಮಾತಾಡಿ ಬೆಳೆದವನು, ಅದೇ ಮಾತಿಗೆ ಶಾಲೆಯಲ್ಲಿ ಬೆತ್ತದ ರುಚಿ ನೋಡಿದವನು ಎಂದ. ಕಡತ ತರಿಸಿದ. ತಂದೆಯ ಹೆಸರು: ಲಾತೆ. ಲಾತೆ ಹಾಸೆಯ ಅಪ್ಪ, ನಿಮ್ಮ ಅಪ್ಪನ ಹೆಸರು ಮಾಮು. ಅಷ್ಟೇ. ಕೊಟ್ಟ ಚಹಾ ಆರುವಷ್ಟರೊಳಗೆ ಆರು ವರ್ಷ ಮುಗಿಯಿತು.

ಮೇಜರು ನನ್ನ ಕಡೆ ತಿರುಗಿ, ‘ಇಷ್ಟು ವರ್ಷ ಯಾಕಮ್ಮ ಬಂದು ಕೇಳ್ಲಿಲ್ಲ?’ ಎಂದ.

‘ಕೇಳೋಕೆ ಬಂದವ್ರಲ್ಲಿ ಕೆಲವ್ರು ಇನ್ನೂ ಮನೆಗೆ ಬಂದಿಲ್ಲ, ಸ್ವಾಮಿ.’

ಟೀಚರು ಮೇಜಿನಡಿಯಲ್ಲಿ ನನ್ನ ಕಾಲು ತುಳಿದರು. ಅವನು ಕಡತದ ದಾರವನ್ನು ಎರಡು ಸಲ ಕಟ್ಟಿದ.

ಹಾಸೆಯ ಸಂಗತಿ ಕೇಳಿ. ಆ ಕಾಗದ ಅಂಟಿಸಿದ ಮೂರನೇ ದಿನವೇ ಅವನು ತಾನಾಗಿ ಹೋಗಿದ್ದನಂತೆ. ಇಪ್ಪತ್ತೆಂಟು ದಿನ ಇಟ್ಟುಕೊಂಡು, ಏನೂ ಇಲ್ಲವೆಂದು ಬಿಟ್ಟರು. ಈಗ ಪೇಟೆಯಲ್ಲಿ ರೊಟ್ಟಿ ಅಂಗಡಿ ಇಟ್ಟಿದ್ದಾನೆ. ಬರುವಾಗ ಹೋಗಿ ಮಾತಾಡಿಸಿದೆ. ನಿಮ್ಮ ಕಥೆ ಕೇಳಿ ಹಿಟ್ಟಿನ ಕೈಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕ. ‘ನನ್ನ ಪಾಲಿಂದು ನಾನು ಉಂಡಿದ್ದೆ. ಅವನ್ಯಾಕೆ ಸುಮ್ನೆ ಉಪವಾಸ ಬಿದ್ದ?’ ಎಂದ. ಆ ಇಪ್ಪತ್ತೆಂಟು ದಿನದ ಬಗ್ಗೆ ಕೇಳಿದರೆ ಮಾತ್ರ ರೊಟ್ಟಿ ತಟ್ಟತೊಡಗಿದ. ಬಾಗಿಲಿಗೆ ಬೆನ್ನು ಕೊಟ್ಟು ಅವನು ಕೂರುವುದಿಲ್ಲ. ನೀವು ಬಂದಾಗ ಅದನ್ನು ಕೇಳಬೇಡಿ.

ಹಾಗಾದರೆ ಕಾಗದ ಆರು ವರ್ಷ ಕಂಬದ ಮೇಲೇಕಿತ್ತು ಎನ್ನುತ್ತೀರಾ? ನಾನೂ ಕೇಳಿದೆ. ಅಂಟಿಸಲು ಆದೇಶ ಬಂದಿತ್ತಂತೆ, ಕೀಳಲು ಬಂದಿರಲಿಲ್ಲವಂತೆ. ಟೀಚರು ಸೇತುವೆಯ ಬಳಿ ಗಾಡಿ ನಿಲ್ಲಿಸಿ, ಯಾರ ಆದೇಶಕ್ಕೂ ಕಾಯದೆ, ಉಗುರಿನಿಂದ ಅದನ್ನು ಕೆರೆದು ತೆಗೆದರು. ಠಾಣೆಯ ಸೈನಿಕ ನೋಡಿದ. ‘ನನ್ನ ಅಕ್ಷರ ತಪ್ಪಾಗಿತ್ತು, ತಿದ್ತಾ ಇದೀನಿ’ ಎಂದರು. ಅವನು ಟೀಚರಿಗೆ ಸೆಲ್ಯೂಟ್ ಹೊಡೆದ.

ಉಪವಾಸದ ತಿಂಗಳಿಗೆ ಮೂರು ವಾರವಿದೆ. ನಿಕಾಹ್ ಅಷ್ಟರೊಳಗೆ ಆಗಬೇಕು. ಶುಕ್ರವಾರ ಕೋಲೋಕ್‌ನಿಂದ ಬೆಳಗಿನ ವ್ಯಾನು ಹತ್ತಿದರೆ ಊಟದ ಹೊತ್ತಿಗೆ ಇಲ್ಲಿ. ಇದರ ಜೊತೆ ಮೇಜರು ಬರೆದುಕೊಟ್ಟ ಪತ್ರದ ನಕಲು ಇಟ್ಟಿದ್ದೇನೆ. ಯಾರು ತಡೆದರೂ ತೋರಿಸಿ. ಭಯವಾದರೂ ತೋರಿಸಿ, ಆರು ವರ್ಷದ ಅಭ್ಯಾಸ ಒಂದು ದಿನಕ್ಕೆ ಹೋಗುವುದಿಲ್ಲ.

ಇಂತು, ಸರ್ಕಾರಿ ದಾಖಲೆಯಂತೆ ಒಬ್ಬ ಮಹಾಪುಣ್ಯವಂತನ ಧರ್ಮಪತ್ನಿ,
ರೊಮ್ಲಾ

ತಾ.ಕ.: ಸಕೀನಾ ಓದಿ ಮುಗಿಸಿ ಲಕೋಟೆ ನನ್ನ ಕೈಗೆ ಕೊಟ್ಟಳು. ಅವಳಿಗೆ ತೋರಿಸದೆ ಇಷ್ಟು ಸೇರಿಸುತ್ತಿದ್ದೇನೆ. ನಾವು ಶಿಬಿರಕ್ಕೆ ಹೋದದ್ದು ಕಳೆದ ವಾರವಲ್ಲ, ಮೂರು ತಿಂಗಳ ಹಿಂದೆ. ಮಗಳಿಗೆ ಹೇಳಬೇಡಿ ಎಂದು ಟೀಚರ ಕೈ ಹಿಡಿದು ಬೇಡಿಕೊಂಡೆ. ಆ ಕಾಗದ ಇರುವಷ್ಟು ದಿನ ‘ನನ್ನ ಗಂಡ ಬರುವ ಹಾಗಿಲ್ಲ’ ಎಂದು ತಲೆಯೆತ್ತಿ ಹೇಳುತ್ತಿದ್ದೆ. ಇನ್ನು ನೀವು ಬರದಿದ್ದರೆ ಹೇಳಲು ನನ್ನ ಬಳಿ ಏನೂ ಇಲ್ಲ. ಅಲ್ಲಿ ನಿಮಗೆ ಇನ್ನೊಂದು ಮನೆಯಾಗಿದೆಯೇ ಎಂದು ಕೇಳುವ ಧೈರ್ಯವನ್ನು ಈ ಮೂರು ತಿಂಗಳು ಕೂಡಿಸುತ್ತಿದ್ದೆ. ಇನ್ನೂ ಸಾಲದು, ಆದ್ದರಿಂದ ಕೇಳುತ್ತಿಲ್ಲ. ಶುಕ್ರವಾರ ಎರಡು ಹಿಡಿ ಅಕ್ಕಿ ಹೆಚ್ಚಿಗೆ ಹಾಕುತ್ತೇನೆ.